ಹೂತುಹೋದ ವಿಮಾನಗಳ ಹುಡುಕಾಟ

ಮಕ್ಕಳೇ, ಆಟವಾಡುವಾಗ ನಿಮ್ಮ ಜೇಬಿನಿಂದ ಐದು ರೂಪಾಯಿಯ ನಾಣ್ಯವೊಂದು ಮರಳಿನ ರಾಶಿಯೊಳಗೆ ಬಿದ್ದುಹೋಯಿತು ಎಂದುಕೊಳ್ಳಿ. ಏನು ಮಾಡುತ್ತೀರಿ? ಬಿದ್ದ ಜಾಗವನ್ನು ನೆನಪಿಸಿಕೊಂಡು ಅಲ್ಲೇ ಕೆದಕುತ್ತೀರಿ. ಸಿಗದಿದ್ದರೆ ಜೊತೆಯಲ್ಲಿ ಆಡುತ್ತಿದ್ದವರನ್ನು ಕೇಳುತ್ತೀರಿ. ಆದರೆ ನೀವು ಬರುವ ಮೊದಲೇ ಯಾರೋ ಅದನ್ನು ಎತ್ತಿಕೊಂಡು ಹೋಗಿದ್ದರೆ? ಆಗ ಇಡೀ ರಾಶಿಯನ್ನು ಜರಡಿ ಹಿಡಿದರೂ ನಾಣ್ಯ ಸಿಗುವುದಿಲ್ಲ.

ಅಂದರೆ, ಕಳೆದ ವಸ್ತುವನ್ನು ಹುಡುಕುವವರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಅದು ಎಲ್ಲಿ ಬಿತ್ತು? ಈಗ ಎಲ್ಲಿದೆ? ಯಾರಾದರೂ ಆಗಲೇ ತೆಗೆದಿದ್ದಾರೆಯೆ?

ನಾಣ್ಯದ ಬದಲು ಕಳೆದುಹೋದದ್ದು ಒಂದು ವಿಮಾನವಾದರೆ? 1939ರಿಂದ 1945ರವರೆಗೆ ನಡೆದ ಎರಡನೆಯ ಮಹಾಯುದ್ಧದಲ್ಲಿ ಸಾವಿರಾರು ವಿಮಾನಗಳು ನೆಲಕ್ಕೆ, ಕಡಲಿಗೆ, ಕಾಡಿಗೆ, ಹಿಮಕ್ಕೆ ಬಿದ್ದವು. ಅವುಗಳಲ್ಲಿ ಕೆಲವು ಇಂದಿಗೂ ಅಲ್ಲೇ ಇವೆ. ಅವನ್ನು ಹುಡುಕುವುದು ಒಂದು ವಿಜ್ಞಾನವೇ ಆಗಿದೆ. ಈ ಕೆಲಸಕ್ಕೂ ಅದೇ ಮೂರು ಪ್ರಶ್ನೆಗಳು ಬೇಕು. ಬನ್ನಿ, ಒಂದೊಂದಾಗಿ ನೋಡೋಣ.

ಹಿಮದ ಮೇಲೆ ಇಳಿದ ಎಂಟು ವಿಮಾನಗಳು

1942ರ ಜುಲೈ 15. ಅಮೆರಿಕದ ಎಂಟು ಯುದ್ಧವಿಮಾನಗಳು ಗ್ರೀನ್‌ಲ್ಯಾಂಡಿನಿಂದ ಐಸ್‌ಲ್ಯಾಂಡಿನ ಕಡೆಗೆ ಹಾರುತ್ತಿದ್ದವು. ಅಲ್ಲಿಂದ ಬ್ರಿಟನ್ ತಲುಪಬೇಕಿತ್ತು. ಅವುಗಳಲ್ಲಿ ಆರು ಪಿ-38 ಎಂಬ ಕಾದಾಟದ ವಿಮಾನಗಳು. ಉಳಿದೆರಡು ಬಿ-17 ಎಂಬ ದೊಡ್ಡ ಬಾಂಬರ್‌ಗಳು. ದಾರಿಯಲ್ಲಿ ಹವೆ ಕೆಟ್ಟಿತು. ಮುಂದೆ ಹೋಗಲಾಗದೆ ಹಿಂದಿರುಗಿದರು. ಅಷ್ಟರಲ್ಲಿ ಇಂಧನ ಮುಗಿಯುತ್ತ ಬಂದಿತ್ತು. ಕೆಳಗೆ ನೋಡಿದರೆ ಕಣ್ಣು ಹಾಯುವಷ್ಟು ದೂರ ಬಿಳಿಯ ಹಿಮ. ಬೇರೆ ದಾರಿಯಿಲ್ಲದೆ ಎಂಟೂ ವಿಮಾನಗಳನ್ನು ಹಿಮದ ಮೇಲೆಯೇ ಇಳಿಸಿದರು.

ಮೊದಲು ಇಳಿದ ವಿಮಾನ ಗಾಲಿಗಳನ್ನು ಹೊರಚಾಚಿ ಇಳಿಯಲು ಹೋಗಿ ಮಗುಚಿಕೊಂಡಿತು. ಅದನ್ನು ನೋಡಿದ ಉಳಿದವರು ಗಾಲಿಗಳನ್ನು ಹೊರತೆಗೆಯಲಿಲ್ಲ. ವಿಮಾನದ ಹೊಟ್ಟೆಯ ಮೇಲೆಯೇ ಜಾರುತ್ತ ಇಳಿದರು. ಒಟ್ಟು 25 ಜನರಿದ್ದರು. ಕೆಲವು ದಿನಗಳ ನಂತರ ನಾಯಿಗಳು ಎಳೆಯುವ ಜಾರುಬಂಡಿಯೊಂದಿಗೆ ರಕ್ಷಣಾ ತಂಡ ಬಂದಿತು. ಎಲ್ಲರೂ ಬದುಕಿ ಮನೆ ಸೇರಿದರು. ವಿಮಾನಗಳು ಮಾತ್ರ ಅಲ್ಲೇ ಉಳಿದವು.

ಸುಮಾರು ನಲವತ್ತು ವರ್ಷಗಳ ನಂತರ ಕೆಲವು ಉತ್ಸಾಹಿಗಳಿಗೆ ಆ ವಿಮಾನಗಳ ನೆನಪಾಯಿತು. ‘ರೆಕ್ಕೆಯ ಮೇಲಿನ ಹಿಮ ಗುಡಿಸಿ, ಇಂಧನ ತುಂಬಿ, ಹಾರಿಸಿಕೊಂಡು ಬಂದರಾಯಿತು’ ಎಂದು ಅವರು ಭಾವಿಸಿದ್ದರು. ಅಲ್ಲಿ ಹೋಗಿ ನೋಡಿದರೆ ಹಿಮವಲ್ಲದೆ ಬೇರೇನೂ ಇರಲಿಲ್ಲ! ಎಂಟು ವಿಮಾನಗಳಲ್ಲಿ ಒಂದರ ಬಾಲವೂ ಕಾಣಲಿಲ್ಲ. ವಿಮಾನಗಳು ಎಲ್ಲಿ ಹೋದವು?

ಹಿಮ ವಿಮಾನವನ್ನು ನುಂಗಿದ್ದು ಹೇಗೆ?

ಗ್ರೀನ್‌ಲ್ಯಾಂಡಿನ ಆ ಭಾಗದಲ್ಲಿ ಪ್ರತಿ ವರ್ಷವೂ ಬಹಳ ಹಿಮ ಬೀಳುತ್ತದೆ. ಬೇಸಿಗೆಯಲ್ಲಿ ಅದು ಪೂರ್ತಿ ಕರಗುವುದಿಲ್ಲ. ಮರುವರ್ಷ ಅದರ ಮೇಲೆ ಇನ್ನೊಂದು ಪದರ ಬೀಳುತ್ತದೆ. ಕಣಜದಲ್ಲಿ ಮೂಟೆಯ ಮೇಲೆ ಮೂಟೆ ಪೇರಿಸಿದರೆ ಅಡಿಯ ಮೂಟೆ ಅದುಮಿಕೊಳ್ಳುತ್ತದೆ ಅಲ್ಲವೆ? ಹಾಗೆಯೇ ಮೇಲಿನ ಪದರಗಳ ಭಾರಕ್ಕೆ ಅಡಿಯ ಹಿಮ ಅದುಮಿಕೊಳ್ಳುತ್ತದೆ. ಅದರೊಳಗಿನ ಗಾಳಿ ಹೊರಹೋಗುತ್ತದೆ. ಹತ್ತಿಯಂತೆ ಹಗುರವಾಗಿದ್ದ ಹಿಮ ನಿಧಾನವಾಗಿ ಗಟ್ಟಿ ಮಂಜುಗಡ್ಡೆಯಾಗುತ್ತದೆ.

ಅಂದರೆ ವಿಮಾನಗಳು ಕೆಳಗೆ ಮುಳುಗಲಿಲ್ಲ, ಅವುಗಳ ಮೇಲೆ ಹೊಸ ನೆಲವೇ ಬೆಳೆಯಿತು! ಕೊನೆಗೆ ಅವು ಸಿಕ್ಕಿದ್ದು 82 ಮೀಟರ್ ಆಳದಲ್ಲಿ. ನಮ್ಮ ವಿಜಯಪುರದ ಗೋಳಗುಮ್ಮಟದ ಎತ್ತರ ಸುಮಾರು 51 ಮೀಟರ್. ಗೋಳಗುಮ್ಮಟವನ್ನು ಆ ಹಿಮದೊಳಗೆ ಇಟ್ಟರೆ ಅದರ ಮೇಲೆ ಇನ್ನೂ 31 ಮೀಟರ್ ಹಿಮ ಉಳಿಯುತ್ತದೆ!

ಇನ್ನೊಂದು ಕಷ್ಟವೂ ಇತ್ತು. ಇಷ್ಟು ದಪ್ಪ ಮಂಜುಗಡ್ಡೆ ಒಂದೇ ಕಡೆ ನಿಲ್ಲುವುದಿಲ್ಲ. ತನ್ನದೇ ಭಾರಕ್ಕೆ ಇಳಿಜಾರಿನ ಕಡೆಗೆ ಬಹಳ ನಿಧಾನವಾಗಿ ಹರಿಯುತ್ತದೆ. ಅದಕ್ಕೇ ಅದನ್ನು ಹಿಮನದಿ ಎನ್ನುವುದು. ವಿಮಾನಗಳೂ ಅದರೊಂದಿಗೆ ಸಾಗಿ ಇಳಿದ ಜಾಗದಿಂದ ಬಹು ದೂರ ಹೋಗಿದ್ದವು. ‘ಎಲ್ಲಿ ಬಿತ್ತು?’ ಎಂಬ ಮೊದಲ ಪ್ರಶ್ನೆಗೆ ಉತ್ತರ ಗೊತ್ತಿತ್ತು. ‘ಈಗ ಎಲ್ಲಿದೆ?’ ಎಂಬ ಎರಡನೆಯ ಪ್ರಶ್ನೆಗೆ ಅದೊಂದೇ ಸಾಲಲಿಲ್ಲ.

ರೇಡಿಯೋ ತರಂಗದ ಪ್ರತಿಧ್ವನಿ

ಆಳವಾದ ಬಾವಿಯೊಳಗೆ ಬಗ್ಗಿ ‘ಕೂ’ ಎಂದರೆ ನಿಮ್ಮ ದನಿ ಮರಳಿ ಬರುತ್ತದೆ. ಅದು ಪ್ರತಿಧ್ವನಿ. ಬಾವಿ ಆಳವಾದಷ್ಟೂ ದನಿ ಮರಳಲು ಹೆಚ್ಚು ಹೊತ್ತು ಬೇಕು. ಈ ಹೊತ್ತನ್ನು ಅಳೆದರೆ ಆಳವನ್ನು ಲೆಕ್ಕ ಹಾಕಬಹುದು.

ಹಿಮದೊಳಗೆ ಹುಡುಕಲು ಬಳಸಿದ್ದೂ ಇದೇ ಉಪಾಯ. ಆದರೆ ದನಿಯ ಬದಲು ರೇಡಿಯೋ ತರಂಗಗಳನ್ನು ಕಳಿಸಿದರು. ಈ ಉಪಕರಣವೇ ರೇಡಾರ್. ರೇಡಿಯೋ ತರಂಗಗಳು ಮಂಜುಗಡ್ಡೆಯ ಮೂಲಕ ಸುಲಭವಾಗಿ ಸಾಗುತ್ತವೆ. ಲೋಹಕ್ಕೆ ತಾಗಿದಾಗ ಪ್ರತಿಫಲಿಸಿ ಹಿಂದಿರುಗುತ್ತವೆ. ಮಂಜುಗಡ್ಡೆಯಲ್ಲಿ ಅವುಗಳ ವೇಗ ಸೆಕೆಂಡಿಗೆ ಸುಮಾರು 1,68,000 ಕಿಲೋಮೀಟರ್. 82 ಮೀಟರ್ ಕೆಳಗೆ ಹೋಗಿ ಮರಳಲು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ಸಮಯ ಸಾಕು. ನಾವು ಕಣ್ಣು ಮಿಟುಕಿಸುವುದರೊಳಗೆ ಅದು ಲಕ್ಷಕ್ಕೂ ಹೆಚ್ಚು ಸಲ ಹೋಗಿ ಬರಬಲ್ಲದು!

ಹಲವು ತಂಡಗಳು ಹಲವು ವರ್ಷ ಸೋತು ಹಿಂದಿರುಗಿದ ನಂತರ 1988ರಲ್ಲಿ ರೇಡಾರ್‌ನಿಂದ ಸುಳಿವು ಸಿಕ್ಕಿತು. ಆದರೆ ರೇಡಾರ್ ಹೇಳುವುದು ‘ಇಲ್ಲಿ ಏನೋ ಇದೆ’ ಎಂದು ಮಾತ್ರ. ಅದು ವಿಮಾನವೇ ಎಂದು ಹೇಳುವುದಿಲ್ಲ. ಆದ್ದರಿಂದ ಬಿಸಿಯಿಂದ ಹಿಮವನ್ನು ಕರಗಿಸುತ್ತ ಇಳಿಯುವ ಉದ್ದನೆಯ ಸಲಾಕೆಯನ್ನು ಆ ಜಾಗದಲ್ಲಿ ಇಳಿಬಿಟ್ಟು, ಕೆಳಗೆ ಗಟ್ಟಿ ವಸ್ತು ಇರುವುದನ್ನು ಖಚಿತಪಡಿಸಿಕೊಂಡರು.

ಬಿಸಿನೀರಿನ ಬಾವಿ

82 ಮೀಟರ್ ಹಿಮವನ್ನು ಗುದ್ದಲಿಯಿಂದ ಅಗೆಯಲಾದೀತೆ? ಅವರು ಅಗೆಯಲಿಲ್ಲ, ಕರಗಿಸಿದರು. ಬುಗುರಿಯಂತೆ ಕೆಳಗೆ ಚೂಪಾಗಿರುವ ಒಂದು ದೊಡ್ಡ ಯಂತ್ರಕ್ಕೆ ತಾಮ್ರದ ಕೊಳವೆ ಸುತ್ತಿದ್ದರು. ಕೊಳವೆಯೊಳಗೆ ಬಿಸಿನೀರು ಹರಿಯುತ್ತಿತ್ತು. ತಾಮ್ರದ ಮೂಲಕ ಶಾಖ ಬೇಗ ಹರಿಯುತ್ತದೆ ಎಂಬುದು ನಿಮಗೆ ಗೊತ್ತಲ್ಲವೆ? ಯಂತ್ರವನ್ನು ಸರಪಳಿಯಲ್ಲಿ ತೂಗುಬಿಟ್ಟು ನಿಧಾನವಾಗಿ ಇಳಿಸಿದರು. ಅದು ತನ್ನ ಸುತ್ತಲಿನ ಹಿಮವನ್ನು ಕರಗಿಸುತ್ತ ಇಳಿಯಿತು. ಕರಗಿದ ನೀರನ್ನು ಪಂಪಿನಿಂದ ಮೇಲೆತ್ತಿದರು. ಹೀಗೆ ಸುಮಾರು 1.2 ಮೀಟರ್ ಅಗಲದ ಬಾವಿ ಸಿದ್ಧವಾಯಿತು.

1990ರಲ್ಲಿ ಮೊದಲು ತಲುಪಿದ್ದು ಒಂದು ಬಿ-17 ಬಾಂಬರನ್ನು. ಆದರೆ ಅಲ್ಲಿ ಕಂಡದ್ದು ನಜ್ಜುಗುಜ್ಜಾದ ಲೋಹ. ಅಷ್ಟು ಆಳದಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ 50 ಟನ್‌ಗೂ ಹೆಚ್ಚು ಹಿಮದ ಭಾರ ಬೀಳುತ್ತದೆ. ಆ ಒತ್ತಡಕ್ಕೆ ಬಾಂಬರ್ ಜಜ್ಜಿಹೋಗಿತ್ತು. ಅಷ್ಟು ಶ್ರಮ ವ್ಯರ್ಥವಾಯಿತೆಂದು ತಂಡದವರಿಗೆ ಎಷ್ಟು ಬೇಸರವಾಗಿರಬೇಡ!

ಆದರೂ ಅವರು ಬಿಡಲಿಲ್ಲ. 1992ರಲ್ಲಿ ಮತ್ತೆ ಹೋಗಿ ಒಂದು ಪಿ-38 ಇದ್ದ ಕಡೆ ಬಾವಿ ಇಳಿಸಿದರು. ಈ ವಿಮಾನ ಬಾಂಬರಿನಷ್ಟು ಹಾಳಾಗಿರಲಿಲ್ಲ. ಬಾವಿಯ ತಳದಲ್ಲಿ ಬಿಸಿನೀರು ಚಿಮುಕಿಸಿ, ವಿಮಾನದ ಸುತ್ತ ಗುಹೆಯಂತೆ ಜಾಗ ಮಾಡಿಕೊಂಡರು. ವಿಮಾನದ ರೆಕ್ಕೆಗಳ ಅಗಲ ಸುಮಾರು 16 ಮೀಟರ್. ಬಾವಿಯ ಅಗಲ 1.2 ಮೀಟರ್. ಇಡಿಯಾಗಿ ಮೇಲೆತ್ತುವುದು ಸಾಧ್ಯವೇ ಇರಲಿಲ್ಲ. ಆದ್ದರಿಂದ ಆ ಗುಹೆಯೊಳಗೇ ವಿಮಾನವನ್ನು ಬಿಡಿಬಿಡಿಯಾಗಿ ಬಿಚ್ಚಿ, ಒಂದೊಂದೇ ಭಾಗವನ್ನು ಮೇಲೆ ತಂದರು. ಹಲವು ಬಾವಿಗಳನ್ನು ಒಂದಕ್ಕೊಂದು ಸೇರಿಸಿ ಅಗಲ ಮಾಡಿದ ಮೇಲೆ ಕೊನೆಯದಾಗಿ ಬಂದದ್ದು ಅತ್ಯಂತ ಭಾರದ ನಡುಭಾಗ.

ಆ ಭಾಗಗಳನ್ನು ಅಮೆರಿಕದ ಕೆಂಟಕಿ ರಾಜ್ಯಕ್ಕೆ ಸಾಗಿಸಿ ಹತ್ತು ವರ್ಷ ದುರಸ್ತಿ ಮಾಡಿದರು. 2002ರ ಅಕ್ಟೋಬರ್ 26ರಂದು, ಸಾವಿರಾರು ಜನ ನೋಡುತ್ತಿದ್ದಂತೆ, ಆ ವಿಮಾನ ಅರವತ್ತು ವರ್ಷಗಳ ನಂತರ ಮತ್ತೆ ಆಕಾಶಕ್ಕೇರಿತು. ಅದಕ್ಕೆ ‘ಗ್ಲೇಸಿಯರ್ ಗರ್ಲ್’, ಎಂದರೆ ‘ಹಿಮನದಿಯ ಹುಡುಗಿ’, ಎಂದು ಹೆಸರಿಟ್ಟಿದ್ದಾರೆ.

ಮಣ್ಣಿನಲ್ಲಿ ಹೂತಿದ್ದರೆ?

ಮಂಜುಗಡ್ಡೆಯಲ್ಲಿ ಕೆಲಸ ಮಾಡುವ ರೇಡಾರ್ ಎಲ್ಲ ಕಡೆಯೂ ಅಷ್ಟೇ ಚೆನ್ನಾಗಿ ಕೆಲಸ ಮಾಡುವುದಿಲ್ಲ. ಒದ್ದೆಯಾದ ಜೇಡಿಮಣ್ಣು ರೇಡಿಯೋ ತರಂಗಗಳನ್ನು ಹೀರಿಬಿಡುತ್ತದೆ. ಅಂಥ ಕಡೆ ಇನ್ನೊಂದು ಉಪಕರಣ ನೆರವಾಗುತ್ತದೆ. ಅದೇ ಕಾಂತಮಾಪಕ.

ಭೂಮಿಗೆ ತನ್ನದೇ ಕಾಂತಕ್ಷೇತ್ರವಿದೆ. ದಿಕ್ಸೂಚಿಯ ಮುಳ್ಳು ಉತ್ತರ ದಕ್ಷಿಣವಾಗಿ ನಿಲ್ಲುವುದು ಅದರಿಂದಲೇ. ನೆಲದೊಳಗೆ ಕಬ್ಬಿಣ ಅಥವಾ ಉಕ್ಕಿನ ದೊಡ್ಡ ವಸ್ತು ಇದ್ದರೆ ಆ ಜಾಗದಲ್ಲಿ ಕಾಂತಕ್ಷೇತ್ರ ಸ್ವಲ್ಪ ಬದಲಾಗುತ್ತದೆ. ಕಾಂತಮಾಪಕ ಆ ಸಣ್ಣ ಬದಲಾವಣೆಯನ್ನು ಅಳೆಯುತ್ತದೆ. ಆದರೆ ಯುದ್ಧಕಾಲದ ಹೆಚ್ಚಿನ ವಿಮಾನಗಳ ಮೈ ಅಲ್ಯುಮಿನಿಯಮ್ಮಿನದು. ಅಲ್ಯುಮಿನಿಯಮ್ಮನ್ನು ಅಯಸ್ಕಾಂತ ಎಳೆಯುವುದಿಲ್ಲ! ಹಾಗಾದರೆ ಕಾಂತಮಾಪಕಕ್ಕೆ ಸುಳಿವು ಕೊಡುವುದು ಯಾವುದು? ಎಂಜಿನ್ನಿನ ಉಕ್ಕಿನ ಭಾಗಗಳು ಮತ್ತು ಬಂದೂಕುಗಳು.

ಅದೃಷ್ಟಕ್ಕೆ ನೆಲದಲ್ಲಿ ಆಳಕ್ಕೆ ಹೋಗುವುದೂ ಹೆಚ್ಚಾಗಿ ಎಂಜಿನ್ನೇ. ಒಂದು ಉದಾಹರಣೆ ನೋಡಿ. 1940ರ ಸೆಪ್ಟೆಂಬರ್ 15ರಂದು ಲಂಡನ್ ನಗರದ ಮೇಲೆ ಭಾರಿ ವಾಯುಯುದ್ಧ ನಡೆಯಿತು. ರೇ ಹೋಮ್ಸ್ ಎಂಬ ಬ್ರಿಟನ್ನಿನ ಪೈಲಟ್ ಹರಿಕೇನ್ ವಿಮಾನದಲ್ಲಿ ಜರ್ಮನಿಯ ಬಾಂಬರೊಂದನ್ನು ಅಟ್ಟಿಸಿಕೊಂಡು ಹೋದರು. ಗುಂಡುಗಳು ಮುಗಿದಿದ್ದವು. ಅವರು ತಮ್ಮ ವಿಮಾನವನ್ನೇ ಅದಕ್ಕೆ ಡಿಕ್ಕಿ ಹೊಡೆಸಿದರು. ಬಾಂಬರ್ ಕೆಳಗೆ ಬಿತ್ತು. ಹರಿಕೇನ್ ಕೂಡ ಉಳಿಯಲಿಲ್ಲ. ಹೋಮ್ಸ್ ಪ್ಯಾರಾಚೂಟಿನಿಂದ ಇಳಿದು ಬದುಕಿಕೊಂಡರು. ವಿಮಾನ ಮಾತ್ರ ರಸ್ತೆಯೊಂದಕ್ಕೆ ಅಪ್ಪಳಿಸಿ ನೆಲದೊಳಗೆ ನುಗ್ಗಿತು.

ಯುದ್ಧದ ಸಮಯದಲ್ಲಿ ಎಂಜಿನ್ ಅಗೆದು ತೆಗೆಯಲು ಪುರಸೊತ್ತೆಲ್ಲಿ? ಗುಂಡಿ ಮುಚ್ಚಿ ಮತ್ತೆ ರಸ್ತೆ ಮಾಡಿದರು. ಅದರ ಮೇಲೆ ದಶಕಗಳ ಕಾಲ ಬಸ್ಸು ಕಾರುಗಳು ಓಡಾಡಿದವು. ಹಳೆಯ ವರದಿಗಳ ನೆರವಿನಿಂದ ಆ ಜಾಗವನ್ನು ಗುರುತಿಸಿ 2004ರಲ್ಲಿ ಅಗೆದಾಗ ಎಂಜಿನ್ ಅಲ್ಲೇ ಇತ್ತು. ಆಗ ಹೋಮ್ಸ್ ಅವರೂ ಇನ್ನೂ ಬದುಕಿದ್ದರು.

ಮೊದಲೇ ಎತ್ತಿಕೊಂಡು ಹೋದವರು

ಹೋಮ್ಸ್ ಅವರ ವಿಮಾನದ ಎಂಜಿನ್ ಉಳಿದುಕೊಂಡಿತು. ಆದರೆ ಬಿದ್ದ ಎಲ್ಲ ವಿಮಾನಗಳೂ ಹೀಗೆ ಉಳಿಯಲಿಲ್ಲ. ಏಕೆ? ಇಲ್ಲಿ ಬರುತ್ತದೆ ಮೂರನೆಯ ಪ್ರಶ್ನೆ: ಯಾರಾದರೂ ಆಗಲೇ ತೆಗೆದಿದ್ದಾರೆಯೆ?

ಯುದ್ಧಕಾಲದಲ್ಲಿ ಲೋಹಕ್ಕೆ ಬಹಳ ಬೆಲೆ. ಬ್ರಿಟನ್ನಿನಲ್ಲಿ ವಿಮಾನ ಬಿದ್ದ ಸುದ್ದಿ ಬಂದ ಕೂಡಲೇ ಲಾರಿಗಳೊಂದಿಗೆ ಒಂದು ತಂಡ ಅಲ್ಲಿಗೆ ಹೋಗುತ್ತಿತ್ತು. ಕೆಲಸಕ್ಕೆ ಬರುವ ಬಿಡಿಭಾಗಗಳನ್ನು ಬೇರೆ ವಿಮಾನಗಳ ರಿಪೇರಿಗೆ ಬಳಸುತ್ತಿದ್ದರು. ಉಳಿದದ್ದು ಗುಜರಿಗೆ. ಆಕ್ಸ್‌ಫರ್ಡ್ ಬಳಿಯ ಕೌಲಿ ಎಂಬಲ್ಲಿ ಮುರಿದ ವಿಮಾನಗಳನ್ನು ಒಂದು ಬಯಲಿನ ತುಂಬ ರಾಶಿ ಹಾಕಿದ್ದರು. ಪಾಲ್ ನ್ಯಾಶ್ ಎಂಬ ಚಿತ್ರಕಾರರಿಗೆ ಆ ರಾಶಿ ಅಲೆಗಳು ಹೆಪ್ಪುಗಟ್ಟಿದ ಕಡಲಿನಂತೆ ಕಂಡಿತು. ಅವರು ಅದರ ಚಿತ್ರವನ್ನೇ ಬರೆದರು. ಆ ರಾಶಿಯಲ್ಲಿದ್ದ ಅಲ್ಯುಮಿನಿಯಮ್ ಕರಗಿ ಮತ್ತೆ ಹೊಸ ವಸ್ತುವಾಗುತ್ತಿತ್ತು.

ಆದ್ದರಿಂದ ವಿಮಾನ ಬಿದ್ದ ಜಾಗ ಸಿಕ್ಕಿತೆಂದು ಹಿಗ್ಗುವಂತಿಲ್ಲ. ಅಲ್ಲಿಂದ ಏನನ್ನು ತೆಗೆದರು, ಏನನ್ನು ಬಿಟ್ಟರು ಎಂಬುದು ತಿಳಿಯಬೇಕು. ಅದು ತಿಳಿಯುವುದು ಉಪಕರಣದಿಂದಲ್ಲ, ಹಳೆಯ ಕಾಗದಗಳಿಂದ.

ನೀವು ಶಾಲೆಗೆ ಸೇರಿದಾಗ ದಾಖಲಾತಿ ಪುಸ್ತಕದಲ್ಲಿ ನಿಮಗೊಂದು ಸಂಖ್ಯೆ ಕೊಡುತ್ತಾರೆ. ಬೇರೆ ಶಾಲೆಗೆ ಹೋಗುವಾಗ ವರ್ಗಾವಣೆ ಪತ್ರ ಕೊಡುತ್ತಾರೆ. ಹಾಗೆಯೇ ವಾಯುಪಡೆಯ ಪ್ರತಿ ವಿಮಾನಕ್ಕೂ ಒಂದು ಕ್ರಮಸಂಖ್ಯೆ ಇರುತ್ತದೆ. ಅದು ಯಾವ ಕಾರ್ಖಾನೆಯಿಂದ ಬಂತು, ಯಾವ ದಳಕ್ಕೆ ಹೋಯಿತು, ಕೊನೆಗೆ ಏನಾಯಿತು ಎಂಬುದನ್ನು ದಾಖಲೆಯಲ್ಲಿ ಬರೆಯುತ್ತಾರೆ. ಹುಡುಕುವವರಿಗೆ ಗುದ್ದಲಿಗಿಂತ ಮೊದಲು ಬೇಕಾದದ್ದು ಈ ದಾಖಲೆ.

ಸಿಗದೇ ಹೋದ ಸ್ಪಿಟ್‌ಫೈರ್‌ಗಳು

ದಾಖಲೆಗೆ ಬೆಲೆ ಕೊಡದಿದ್ದರೆ ಏನಾಗುತ್ತದೆ? ಈ ಕಥೆ ಕೇಳಿ.

ಬರ್ಮಾ, ಅಂದರೆ ಇಂದಿನ ಮ್ಯಾನ್ಮಾರ್ ದೇಶದಲ್ಲಿ ಒಂದು ಸುದ್ದಿ ಹರಡಿತ್ತು. ಯುದ್ಧ ಮುಗಿಯುವ ಹೊತ್ತಿಗೆ ಬ್ರಿಟನ್ನಿನವರು ಹೊಸ ಸ್ಪಿಟ್‌ಫೈರ್ ವಿಮಾನಗಳನ್ನು ಮರದ ಪೆಟ್ಟಿಗೆಗಳಲ್ಲಿಟ್ಟು ರಂಗೂನಿನ ವಿಮಾನ ನಿಲ್ದಾಣದ ಬಳಿ ನೆಲದಲ್ಲಿ ಹೂತಿದ್ದಾರೆ ಎಂದು. ನೂರಕ್ಕೂ ಹೆಚ್ಚು ವಿಮಾನಗಳಿವೆ ಎಂದೂ ಮಾತಿತ್ತು. ಡೇವಿಡ್ ಕಂಡಾಲ್ ಎಂಬ ಬ್ರಿಟನ್ನಿನ ರೈತರೊಬ್ಬರು ಇದನ್ನು ನಂಬಿ ಹಲವು ವರ್ಷ ಓಡಾಡಿದರು. ‘ನಾನು ನೋಡಿದ್ದೆ’ ಎನ್ನುವ ವೃದ್ಧರ ಹೇಳಿಕೆಗಳನ್ನು ಸಂಗ್ರಹಿಸಿದರು. ಉಪಕರಣಗಳೂ ‘ನೆಲದೊಳಗೆ ಏನೋ ಇದೆ’ ಎಂದು ತೋರಿಸಿದವು. 2012ರಲ್ಲಿ ಅಲ್ಲಿನ ಸರ್ಕಾರದ ಒಪ್ಪಿಗೆ ಸಿಕ್ಕಿತು. ಜಗತ್ತಿನ ಪತ್ರಿಕೆಗಳೆಲ್ಲ ಬರೆದವು.

2013ರ ಜನವರಿಯಲ್ಲಿ ಅಗೆತ ಶುರುವಾಯಿತು. ಸಿಕ್ಕಿದ್ದು ವಿದ್ಯುತ್ ಕೇಬಲ್‌ಗಳು ಮತ್ತು ನೀರಿನ ಕೊಳವೆಗಳು! ಒಂದೇ ಒಂದು ಸ್ಪಿಟ್‌ಫೈರ್ ಸಿಗಲಿಲ್ಲ.

ತಂಡದಲ್ಲಿದ್ದ ಪುರಾತತ್ವಜ್ಞರು ಬ್ರಿಟನ್ನಿನ ಹಳೆಯ ಕಡತಗಳನ್ನೂ ಓದಿದ್ದರು. ಆ ನಿಲ್ದಾಣಕ್ಕೆ ಪೆಟ್ಟಿಗೆಗಳಲ್ಲಿ ಸ್ಪಿಟ್‌ಫೈರ್‌ಗಳು ಬಂದು ಅಲ್ಲಿ ಹೂಳಲ್ಪಟ್ಟವು ಎಂಬುದಕ್ಕೆ ಕಡತಗಳಲ್ಲಿ ಆಧಾರವೇ ಇರಲಿಲ್ಲ. ಹೂತೇ ಇಲ್ಲದ್ದು ಅಗೆದರೆ ಸಿಕ್ಕೀತೆ?

ಹಾಗಾದರೆ ಆ ವೃದ್ಧರು ಸುಳ್ಳು ಹೇಳಿದರೆ? ಹಾಗೆನ್ನಬೇಕಾಗಿಲ್ಲ. ಯುದ್ಧಕಾಲದಲ್ಲಿ ವಿಮಾನ ನಿಲ್ದಾಣಗಳಲ್ಲಿ ಗುಂಡಿ ತೋಡುವುದು, ಪೆಟ್ಟಿಗೆ ಸಾಗಿಸುವುದು ದಿನದಿನದ ಕೆಲಸ. ಅದನ್ನು ಕಂಡವರಿರಬಹುದು. ಅರವತ್ತು ವರ್ಷ ಕಳೆಯುವಾಗ ಕಂಡದ್ದಕ್ಕೆ ಕೇಳಿದ್ದು ಸೇರಿಕೊಳ್ಳುತ್ತದೆ. ನೆನಪು ಎಂಬುದು ಹಾಗೆಯೇ. ಆದ್ದರಿಂದಲೇ ಒಬ್ಬರ ಮಾತನ್ನು ಇನ್ನೊಬ್ಬರ ಮಾತಿನೊಂದಿಗೆ, ಮಾತನ್ನು ದಾಖಲೆಯೊಂದಿಗೆ, ದಾಖಲೆಯನ್ನು ಉಪಕರಣದ ಅಳತೆಯೊಂದಿಗೆ ತಾಳೆ ನೋಡಬೇಕು. ಮೂರೂ ಒಪ್ಪಿದರೆ ಅಗೆಯಬಹುದು. ಒಪ್ಪದಿದ್ದರೆ ಇನ್ನಷ್ಟು ಓದಬೇಕು.

ಗುಜರಿಯಿಂದ ಬೆಂಗಳೂರಿಗೆ

ಮುರಿದ ವಿಮಾನಗಳ ಕಥೆಯಲ್ಲಿ ನಮ್ಮ ರಾಜ್ಯದ ಪಾತ್ರವೂ ಇದೆ. 1940ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭಿಸಿದರು. ಅದೇ ಇಂದಿನ ಎಚ್‌.ಎ.ಎಲ್. ಯುದ್ಧಕಾಲದಲ್ಲಿ ಅಲ್ಲಿ ಅಮೆರಿಕದ ವಿಮಾನಗಳ ರಿಪೇರಿ ನಡೆಯುತ್ತಿತ್ತು.

ಯುದ್ಧ ಮುಗಿದ ಮೇಲೆ ಬ್ರಿಟನ್ನಿನ ವಾಯುಪಡೆ ತನ್ನ ಬಳಿಯಿದ್ದ ಲಿಬರೇಟರ್ ಎಂಬ ನಾಲ್ಕು ಎಂಜಿನ್ನಿನ ಬಾಂಬರ್‌ಗಳನ್ನು ಉತ್ತರ ಪ್ರದೇಶದ ಕಾನ್ಪುರದಲ್ಲಿ ಬಿಟ್ಟುಹೋಯಿತು. ಬಿಡುವ ಮೊದಲು ಅವು ಮತ್ತೆ ಬಳಕೆಗೆ ಬಾರದಂತೆ ಕೆಡಿಸಲಾಗಿತ್ತು. ನೋಡಿದವರಿಗೆ ಅದೊಂದು ಗುಜರಿಯ ರಾಶಿ. ಆದರೆ ಸ್ವತಂತ್ರ ಭಾರತಕ್ಕೆ ಬಾಂಬರ್‌ಗಳು ಬೇಕಿದ್ದವು. 1948ರಲ್ಲಿ ಬೆಂಗಳೂರಿನ ಕಾರ್ಖಾನೆಯ ಎಂಜಿನಿಯರುಗಳು ಆ ರಾಶಿಯನ್ನು ಬೇರೆ ಕಣ್ಣಿನಿಂದ ನೋಡಿದರು. ಒಂದರಲ್ಲಿ ಇಲ್ಲದ್ದನ್ನು ಇನ್ನೊಂದರಿಂದ ತೆಗೆದು ಜೋಡಿಸಿದರು. ಹಾರಲು ಸಾಕೆನಿಸುವಷ್ಟು ರಿಪೇರಿಯಾದ ಮೇಲೆ ಕಾರ್ಖಾನೆಯ ಪರೀಕ್ಷಾ ಪೈಲಟ್ ಜಿಮ್ಮಿ ಮುನ್ಷಿ ಅವರು ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ದೂರ ಸುಮಾರು 1,500 ಕಿಲೋಮೀಟರ್. ಗುಜರಿಯಿಂದ ಎದ್ದ ವಿಮಾನದಲ್ಲಿ ಅಷ್ಟು ದೂರ ಹಾರುವುದೆಂದರೆ ಸಾಮಾನ್ಯ ಧೈರ್ಯವೆ? ಬೆಂಗಳೂರಿನಲ್ಲಿ ಅವನ್ನು ಪೂರ್ತಿ ಸರಿಪಡಿಸಲಾಯಿತು. ಹೀಗೆ ಸುಮಾರು 40 ಲಿಬರೇಟರ್‌ಗಳು ಮತ್ತೆ ಹಾರಿದವು. 1968ರವರೆಗೆ ಭಾರತೀಯ ವಾಯುಪಡೆಯಲ್ಲಿ ಕೆಲಸ ಮಾಡಿದವು.

ಅವುಗಳಲ್ಲೊಂದು 1974ರಲ್ಲಿ ಬ್ರಿಟನ್ನಿನ ವಾಯುಪಡೆಯ ವಸ್ತುಸಂಗ್ರಹಾಲಯ ಸೇರಿತು. ಅದರ ಬ್ರಿಟನ್ನಿನ ಸಂಖ್ಯೆ ಕೆಎನ್ 751. ಭಾರತದ ಸಂಖ್ಯೆ ಎಚ್‌ಇ 807. ಎರಡು ಸಂಖ್ಯೆಗಳೂ ಒಂದೇ ವಿಮಾನದ್ದು ಎಂದು ಗೊತ್ತಿಲ್ಲದವರು ಕೆಎನ್ 751ನ್ನು ಕಾನ್ಪುರದ ನೆಲದಲ್ಲಿ ಹುಡುಕಿಯಾರು! ದಾಖಲೆ ಇದ್ದುದರಿಂದ ಅದರ ಇಡೀ ಜೀವನಕಥೆ ನಮಗೆ ಗೊತ್ತು.

ವಿಮಾನಕ್ಕಿಂತ ದೊಡ್ಡದು

ಇಷ್ಟು ಕಷ್ಟಪಟ್ಟು ಹಳೆಯ ಲೋಹವನ್ನು ಏಕೆ ಹುಡುಕಬೇಕು ಎಂದು ನೀವು ಕೇಳಬಹುದು. ಗ್ರೀನ್‌ಲ್ಯಾಂಡಿನಲ್ಲಿ ಇಳಿದವರೆಲ್ಲ ಬದುಕಿದರು. ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ.

ಯುದ್ಧಕಾಲದಲ್ಲಿ ಅಸ್ಸಾಮಿನಿಂದ ಹಿಮಾಲಯದ ಪೂರ್ವ ಭಾಗವನ್ನು ದಾಟಿ ಚೀನಾಕ್ಕೆ ವಿಮಾನಗಳು ಸಾಮಾನು ಸಾಗಿಸುತ್ತಿದ್ದವು. ಆ ದಾರಿಯಲ್ಲಿ ನೂರಾರು ವಿಮಾನಗಳು ಕಳೆದುಹೋದವು. 1944ರ ಜನವರಿ 25ರಂದು ಎಂಟು ಜನರಿದ್ದ ಲಿಬರೇಟರ್ ಒಂದು ಚೀನಾದಿಂದ ಅಸ್ಸಾಮಿಗೆ ಹೊರಟಿತು. ಅದು ತಲುಪಲೇ ಇಲ್ಲ. ಆ ಎಂಟು ಮನೆಗಳವರಿಗೆ ‘ಕಾಣೆಯಾಗಿದ್ದಾರೆ’ ಎಂಬ ಒಂದು ಮಾತು ಬಿಟ್ಟರೆ ಬೇರೇನೂ ತಿಳಿಯಲಿಲ್ಲ.

2006ರಲ್ಲಿ ಅರುಣಾಚಲ ಪ್ರದೇಶದ ಬೆಟ್ಟವೊಂದರಲ್ಲಿ ಅದರ ಅವಶೇಷ ಸಿಕ್ಕಿತು. 2015ರಲ್ಲಿ ಅಮೆರಿಕದ ತಜ್ಞರು ಬಂದು ಅಲ್ಲಿನ ಮಣ್ಣನ್ನು ಜರಡಿ ಹಿಡಿದು ಹುಡುಕಿದರು. ಸಿಕ್ಕಿದ ಮೂಳೆಯ ಚೂರುಗಳ ಡಿ.ಎನ್.ಎ.ಯನ್ನು ಬಂಧುಗಳ ಡಿ.ಎನ್.ಎ.ಯೊಂದಿಗೆ ಹೋಲಿಸಿ ನೋಡಿದರು. ಅದು ರಾಬರ್ಟ್ ಆಕ್ಸ್‌ಫರ್ಡ್ ಎಂಬ ಸೈನಿಕನದು ಎಂದು ಖಚಿತವಾಯಿತು. 2017ರಲ್ಲಿ, 73 ವರ್ಷಗಳ ನಂತರ, ಅವರನ್ನು ಅಮೆರಿಕದಲ್ಲಿ ಅವರ ಸ್ವಂತ ಊರಿನ ಮಣ್ಣಿನಲ್ಲಿ ಗೌರವದಿಂದ ಸಮಾಧಿ ಮಾಡಲಾಯಿತು. ಕಾಯುತ್ತಿದ್ದ ತಂದೆ ತಾಯಿ ಅಷ್ಟು ಹೊತ್ತಿಗೆ ಇರಲಿಲ್ಲ. ಆದರೆ ಅವರು ಕೇಳುತ್ತಿದ್ದ ಪ್ರಶ್ನೆಗೆ ಅವರ ಕುಟುಂಬಕ್ಕೆ ಉತ್ತರ ಸಿಕ್ಕಿತು.

ಅದಕ್ಕೇ ಇಂಥ ಜಾಗಗಳನ್ನು ಮನಬಂದಂತೆ ಅಗೆಯಬಾರದು. ಯಾರೋ ಆಸೆಗೆ ಒಂದು ಫಲಕ ಕಿತ್ತುಕೊಂಡು ಹೋದರೆ ಅದರ ಮೇಲಿದ್ದ ಕ್ರಮಸಂಖ್ಯೆಯೂ ಹೋಗುತ್ತದೆ. ಸಂಖ್ಯೆ ಹೋದರೆ ವಿಮಾನದ ಗುರುತು ಹೋಗುತ್ತದೆ. ವಿಮಾನದ ಗುರುತು ಹೋದರೆ ಅದರಲ್ಲಿದ್ದವರ ಗುರುತೂ ಹೋಗುತ್ತದೆ. ಬ್ರಿಟನ್ನಿನಲ್ಲಿ 1986ರಿಂದ ಕಾನೂನೇ ಇದೆ. ಅನುಮತಿ ಇಲ್ಲದೆ ಬಿದ್ದ ಯುದ್ಧವಿಮಾನವನ್ನು ಅಗೆಯುವಂತಿಲ್ಲ. ಸಿಡಿಯದ ಬಾಂಬು, ಗುಂಡುಗಳು ಅಲ್ಲಿರಬಹುದು ಎಂಬುದು ಇನ್ನೊಂದು ಕಾರಣ. ಅವು ಎಷ್ಟು ಹಳೆಯದಾದರೂ ಅಪಾಯಕಾರಿಯೇ. ನಿಮಗೆ ಎಲ್ಲಾದರೂ ಗುರುತಿಲ್ಲದ ಲೋಹದ ವಸ್ತು ಕಂಡರೆ ಮುಟ್ಟಬೇಡಿ. ದೂರ ಸರಿದು ಹಿರಿಯರಿಗೆ ತಿಳಿಸಿ.

ಮಾಡಿ ನೋಡಿ

ಬೇಕಾದ ಸಾಮಗ್ರಿ: ಒಂದೇ ಅಳತೆಯ ನಾಲ್ಕು ರಟ್ಟಿನ ಪೆಟ್ಟಿಗೆಗಳು, ಕಬ್ಬಿಣದ ಸುತ್ತಿಗೆ, ಒಂದು ಹಿಡಿ ಕಬ್ಬಿಣದ ದೊಡ್ಡ ಮೊಳೆಗಳು, ಅಲ್ಯುಮಿನಿಯಮ್ ಬಟ್ಟಲು, ಒಂದು ಕಲ್ಲು, ದಿಕ್ಸೂಚಿ.

1. ನಿಮ್ಮ ಗೆಳತಿ ಅಥವಾ ಗೆಳೆಯ ಒಂದೊಂದು ಪೆಟ್ಟಿಗೆಯಲ್ಲಿ ಒಂದೊಂದು ವಸ್ತುವನ್ನಿಟ್ಟು ಮುಚ್ಚಲಿ. ಯಾವುದರಲ್ಲಿ ಏನಿದೆ ಎಂದು ಚೀಟಿಯಲ್ಲಿ ಬರೆದು ಮಡಚಿಡಲಿ. ನೀವು ನೋಡಬಾರದು.

2. ದಿಕ್ಸೂಚಿಯನ್ನು ಪ್ರತಿ ಪೆಟ್ಟಿಗೆಯ ಬದಿಗೆ, ಮೇಲೆ, ನಿಧಾನವಾಗಿ ಸರಿಸಿ. ಮುಳ್ಳು ಎಲ್ಲಿ ತಿರುಗಿತು ಎಂದು ಬರೆದುಕೊಳ್ಳಿ.

3. ಬಟ್ಟಲು ಮತ್ತು ಕಲ್ಲು ಇರುವ ಪೆಟ್ಟಿಗೆಗಳ ಬಳಿ ಮುಳ್ಳು ಅಲುಗುವುದಿಲ್ಲ. ಕಬ್ಬಿಣ ಇರುವ ಎರಡು ಪೆಟ್ಟಿಗೆಗಳ ಬಳಿ ಅಲುಗುತ್ತದೆ.

4. ಈಗ ಹೇಳಿ, ಆ ಎರಡರಲ್ಲಿ ಸುತ್ತಿಗೆ ಇರುವುದು ಯಾವುದರಲ್ಲಿ? ಮುಳ್ಳನ್ನು ಎಷ್ಟು ನೋಡಿದರೂ ಖಚಿತವಾಗಿ ಹೇಳುವುದು ಕಷ್ಟ. ಚೀಟಿ ಬಿಚ್ಚಿ ಓದಿ.

ದಿಕ್ಸೂಚಿ ‘ಏನೋ ಇದೆ’ ಎಂದಿತು. ‘ಏನಿದೆ’ ಎಂದು ಹೇಳಿದ್ದು ಚೀಟಿ.

ಹುಡುಕಿ ಬರೆಯಿರಿ

ನಿಮ್ಮ ಊರಿನಲ್ಲಿ ಈಗ ಇಲ್ಲದ ಒಂದು ಹಳೆಯ ವಸ್ತುವನ್ನು ಆರಿಸಿಕೊಳ್ಳಿ. ಮುಚ್ಚಿಹೋದ ಬಾವಿ, ಶಾಲೆಯ ಹಳೆಯ ಗಂಟೆ, ಎಣ್ಣೆ ಗಾಣ, ಯಾವುದಾದರೂ ಸರಿ. ಅದು ಎಲ್ಲಿತ್ತು, ಏನಾಯಿತು ಎಂದು ಮೂವರು ಹಿರಿಯರನ್ನು ಬೇರೆ ಬೇರೆಯಾಗಿ ಕೇಳಿ. ಮೂವರೂ ಒಂದೇ ಉತ್ತರ ಕೊಟ್ಟರೆ? ಬೇರೆ ಬೇರೆ ಕೊಟ್ಟರೆ? ಶಾಲೆಯಲ್ಲಿ ಅಥವಾ ಗ್ರಾಮ ಪಂಚಾಯಿತಿಯಲ್ಲಿ ಅದರ ಬಗ್ಗೆ ದಾಖಲೆ ಇದೆಯೆ ಎಂದು ಶಿಕ್ಷಕರ ನೆರವಿನಿಂದ ವಿಚಾರಿಸಿ. ಹೇಳಿದ್ದನ್ನು ಒಂದು ಕಡೆ, ದಾಖಲೆಯಲ್ಲಿ ಕಂಡದ್ದನ್ನು ಇನ್ನೊಂದು ಕಡೆ ಬರೆದು ತಾಳೆ ನೋಡಿ.

ಎಲ್ಲಿತ್ತು? ಈಗ ಎಲ್ಲಿದೆ? ಯಾರಾದರೂ ಆಗಲೇ ತೆಗೆದಿದ್ದಾರೆಯೆ? ಈ ಮೂರು ಪ್ರಶ್ನೆಗಳನ್ನು ಮರೆಯಬೇಡಿ. ಹಿಮದಡಿಯ ವಿಮಾನಕ್ಕೂ ಅವೇ, ನಿಮ್ಮೂರಿನ ಬಾವಿಗೂ ಅವೇ.